ಅನುಮೋದನೆಗೆ ಒಬ್ಬರು

ಎಡಗಾಲಿನ ಚಪ್ಪಲಿ ಸದ್ದು ಮಾಡುತ್ತದಲ್ಲ, ಅದೇ ಅವಳ ಚಿಂತೆ. ಹೆಜ್ಜೆ ಇಟ್ಟಾಗಲೆಲ್ಲ ಕಿರ್ ಅನ್ನುತ್ತಿತ್ತು. ಪತ್ರಕರ್ತರ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತವಳು ಕೊನೇ ಸಾಲಿನಿಂದ ವೇದಿಕೆಯವರೆಗೆ ನಡೆದು ಹೋಗಬೇಕು. ಅಷ್ಟು ದೂರವೂ ಈ ಕಿರಿಕಿರಿ ಸಭೆಗೆಲ್ಲ ಕೇಳಿಸಿದರೆ? ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡಲಾರದವಳಿಗೆ ಈ ಪದವಿ ಯಾಕೆ ಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು. ಅದೂ ಮನಸ್ಸಿನಲ್ಲೇ.

ಬೇಕಾಗಿದ್ದು ಬಣ್ಣದ ಕಾರ್ಖಾನೆಯ ದೆಸೆಯಿಂದ. ಕಾರ್ಖಾನೆ ಹೊಳೆಗೆ ಬಿಡುತ್ತಿದ್ದ ಕೊಳೆನೀರಿನ ಬಗ್ಗೆ ಅವಳು ಬರೆದಳು. ಕಾರ್ಖಾನೆಯ ವಕೀಲರ ನೋಟಿಸು ಬಂತು, ಹಿಂದೆಯೇ ಮೊಕದ್ದಮೆ. ಅವಳ ಪತ್ರಿಕೆ ಕೈ ತೊಳೆದುಕೊಂಡಿತು. ಸಂಘದ ಬಾಗಿಲಿಗೆ ಹೋದರೆ, "ಅದು ನಿಮ್ಮ ಸ್ವಂತ ವಿಷಯ ಕಣಮ್ಮ" ಅಂದರು. ಕೋರ್ಟಿನ ಬೆಂಚಿನ ಮೇಲೆ ಕಾಯುತ್ತ ಕೂತಾಗಲೇ ತೀರ್ಮಾನಿಸಿದ್ದಳು, ಇನ್ನು ಮುಂದೆ ಯಾವ ವರದಿಗಾರರೂ ಇಲ್ಲಿ ಹೀಗೆ ಒಂಟಿಯಾಗಿ ಕೂರಬಾರದು. ಒಂಟಿಯಾಗಿ ಅನ್ನುವುದೂ ಪೂರ್ತಿ ಸರಿಯಲ್ಲ. ಅಕ್ಕ ಬರುತ್ತಿದ್ದರು.

ಅಕ್ಕ ಒಡಹುಟ್ಟಿದವರಲ್ಲ, ಬೇರೊಂದು ಪತ್ರಿಕೆಯ ಹಿರಿಯ ವರದಿಗಾರ್ತಿ. ಹೊಳೆಯಂಚಿನ ಕೆಸರಲ್ಲಿ ಮೊಣಕಾಲುದ್ದ ಹೂತು ನಿಂತು, "ಬಾಟಲಿ ನೀರೊಳಗೇ ಮುಚ್ಚಬೇಕು ಕಣೇ, ಒಂದು ಗುಳ್ಳೆ ಗಾಳಿ ಉಳಿಯಬಾರದು" ಎಂದು ನೀರಿನ ಮಾದರಿ ತುಂಬುವುದನ್ನು ಕಲಿಸಿದವರು. ಅಮ್ಮ ತೀರಿಕೊಂಡ ದಿನ ಅವಳು ಮೊದಲು ಫೋನು ಮಾಡಿದ್ದು ಅವರಿಗೇ. ಒಡಹುಟ್ಟಿದ ಅಣ್ಣನಿಗೆ ಆಮೇಲೆ.

"ನೀನು ನಿಲ್ಲು, ಅನುಮೋದನೆಗೆ ನಾನಿದ್ದೀನಿ" ಅಂದಿದ್ದರು ಅಕ್ಕ. ಸಂಘದ ನಿಯಮ ಹಾಗಿತ್ತು. ಸಭೆಯಲ್ಲಿ ಒಬ್ಬರು ಎದ್ದು ಹೆಸರು ಸೂಚಿಸಬೇಕು, ಇನ್ನೊಬ್ಬರು ಎದ್ದು ಅನುಮೋದಿಸಬೇಕು. ಕೂತಲ್ಲಿಂದ ಕೈ ಎತ್ತಿದರೆ ನಡೆಯದು.

"ಮೋರಿ ಮೇಡಂ ಬಂದ್ರು, ಮೂಗು ಮುಚ್ಕೊಳ್ರಪ್ಪೋ!" ಎಂದು, ಅವಳು ಸಭೆಯೊಳಗೆ ಕಾಲಿಡುತ್ತಲೇ ಕ್ರೀಡಾಪುಟದ ದಪ್ಪಣ್ಣ ಕೂಗಿದ. ಎದುರಾಳಿ ಅವನೇ. "ಇವರು ಗೆದ್ರೆ ನಮಗೆಲ್ಲ ಟೀ ಬದಲು ಹೊಳೆನೀರೇ ಗತಿ!" ಸಭೆ ನಕ್ಕಿತು, ಅವಳೂ ನಕ್ಕಳು. ಕೆಟ್ಟವನಲ್ಲ ಅವನು. ಅವನ ಹೆಸರು ಬಂದಾಗ ನಾ ಮುಂದು ತಾ ಮುಂದು ಎಂದು ಎದ್ದವರನ್ನು ಕೂರಿಸುವುದರಲ್ಲೇ ಚುನಾವಣಾಧಿಕಾರಿಗೆ ಸಾಕುಸಾಕಾಯಿತು.

ಆಮೇಲೆ ಅವಳ ಸರದಿ. ಫೋಟೋಗ್ರಾಫರ್ ಮಾಮ ಕ್ಯಾಮೆರಾ ಎದೆಗವಚಿಕೊಂಡೇ ಎದ್ದು ಅವಳ ಹೆಸರು ಸೂಚಿಸಿದರು.

"ಅನುಮೋದನೆ?"

ಅಕ್ಕ ಎರಡನೇ ಸಾಲಿನಲ್ಲಿದ್ದರು. ಹಿಂದಿನಿಂದ ಅವಳಿಗೆ ಕಂಡದ್ದು ನರೆತ ಜಡೆ ಮತ್ತು ಬೆನ್ನು. ಬೆನ್ನು ಅಲುಗಲಿಲ್ಲ. ಪಾಪ, ಕೇಳಿಸಲಿಲ್ಲವೇನೋ ಅಂದುಕೊಂಡಳು.

"ಅನುಮೋದನೆಗೆ ಒಬ್ಬರು? ಯಾರಾದ್ರೂ?"

ಮಾಮ ಪಕ್ಕದವರನ್ನು ಮೊಣಕೈಯಲ್ಲಿ ತಿವಿದರು. ತಿವಿಸಿಕೊಂಡವರು ಅಕ್ಕನ ಕಡೆ ನೋಡಿದರು. ಅಕ್ಕನೇ ಏಳದ ಮೇಲೆ ಏನೋ ಇರಬೇಕು, ನಮಗ್ಯಾಕೆ ಊರ ಉಸಾಬರಿ ಎಂದು ತಲೆ ತಗ್ಗಿಸಿದರು. ಸುದ್ದಿಯವರ ಮೂಗೇ ಹಾಗೆ, ವಾಸನೆ ಬೇಗ ಹಿಡಿಯುತ್ತದೆ. ಅಕ್ಕ ಬಗ್ಗಿ ಕೈಚೀಲದ ಜಿಪ್ಪು ಎಳೆದರು. ಏನನ್ನೂ ತೆಗೆಯದೆ ಮತ್ತೆ ಮುಚ್ಚಿದರು.

ಅನುಮೋದಕರಿಲ್ಲ, ಸ್ಪರ್ಧೆಯಿಲ್ಲ. ದಪ್ಪಣ್ಣ ಅವಿರೋಧವಾಗಿ ಗೆದ್ದ. ಚಪ್ಪಾಳೆ ಬಿದ್ದಾಗ ಅವನ ಮುಖವೂ ಪೆಚ್ಚಾಗಿತ್ತು.

ಅವಳು ಎದ್ದು ಬಾಗಿಲಿನ ಕಡೆ ನಡೆದಳು. ಕಿರ್, ಕಿರ್. ಎಲ್ಲರಿಗೂ ಕೇಳಿಸಿರಬೇಕು, ಯಾರೂ ತಿರುಗಲಿಲ್ಲ.

ಮೆಟ್ಟಿಲ ಹತ್ತಿರ ಹಿಂದಿನಿಂದ ಅಕ್ಕನ ದನಿ ಬಂತು. "ಏ, ನಿಲ್ಲೇ! ಊಟ ಮಾಡಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಿನ್ನೆ ನಮ್ಮ ಮಾಲೀಕರು ಕರೆಸಿದ್ರು ಕಣೇ. ಆ ಕಾರ್ಖಾನೆಯವರ ಜಾಹೀರಾತು ಈಗ ನಮ್ಮ ಪತ್ರಿಕೆಗೆ ಬರ್ತಿದೆ. ಆ ಹುಡುಗಿ ಪರ ನಿಂತ್ರೆ ಕೆಲಸ ಮರೆತುಬಿಡಿ ಅಂದ್ರು. ಮಗಳ ಓದು ಇನ್ನೂ ಅರ್ಧದಲ್ಲಿದೆ. ನಿನಗೆ ಗೊತ್ತಿಲ್ದೇ ಇರೋದೇನಿದೆ ನಮ್ಮನೇದು?"

ಗೊತ್ತಿತ್ತು. ಆ ಮಗಳಿಗೆ ಲೆಕ್ಕ ಹೇಳಿಕೊಟ್ಟವಳೇ ಅವಳು.

"ಫೋನ್ ಮಾಡೋಣ ಅಂತ ಕೈಗೆ ತಗೊಳ್ಳೋದು, ಇಡೋದು. ಹೇಗೆ ಹೇಳ್ಲಿ ನಿನಗೆ?" ಅಕ್ಕ ಹತ್ತಿರ ಬಂದು, ಯಾವಾಗಲೂ ಮಾಡುವ ಹಾಗೆ, ಅವಳ ಹೆಗಲಿನಿಂದ ಜಾರಿದ ವೇಲು ಸರಿಮಾಡಿದರು. "ನೀನು ಮನಸ್ಸಿಗೆ ಹಚ್ಕೊಳೋಳಲ್ಲ ಬಿಡು."

ಆಮೇಲೆ ಅವಳ ಮುಖ ನೋಡುತ್ತ ಕಾದರು. ಏನಕ್ಕೆ ಕಾಯುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. "ಪರವಾಗಿಲ್ಲ" ಅನ್ನುವ ಒಂದು ಮಾತಿಗೆ. ವರದಿ ಅರ್ಧಕ್ಕೆ ಕತ್ತರಿಸಿದಾಗ, ಮೋರಿ ಮೇಡಂ ಎಂದು ಹೆಸರಿಟ್ಟಾಗ, ಅಣ್ಣ ಅಮ್ಮನ ಸೀರೆಗಳನ್ನು ಕೇಳದೆ ಹಂಚಿಬಿಟ್ಟಾಗ, ಎಲ್ಲದಕ್ಕೂ ಅವಳು ಹೇಳಿದ್ದು ಅದನ್ನೇ. ಈಗಲೂ ನಾಲಿಗೆಯ ತುದಿಗೆ ಬಂತು.

ಅವಳು ಅಕ್ಕನ ಕೈಯನ್ನು ಹೆಗಲಿನಿಂದ ಮೆಲ್ಲಗೆ ತೆಗೆದಳು.

"ನನಗೆ ತುಂಬಾ ನೋವಾಯ್ತು ಅಕ್ಕ," ಅಂದಳು. "ನೀವು ಒಂದ್ಸಲ ತಿರುಗಿ ಕೂಡ ನೋಡಲಿಲ್ಲ."