ತಪ್ಪು ತೂತಿನ ತಂತಿ

ದಿಂಡಿಗಲ್ಲಿನ ನೂಲಿನ ಗಿರಣಿಯಲ್ಲಿ ಲೆಕ್ಕ ಹಾಕುವ ಕಾರ್ಡು ಯಂತ್ರದ ಕೋಣೆ ಓಡೈಪಟ್ಟಿಯ ದೈವಾನೈಯದು. ಯಾವ ಶೆಡ್ಡಿನಲ್ಲಿ ಎಷ್ಟು ಮೂಟೆ ನೂಲಾಯಿತೆಂದು ಅವಳು ಕಾರ್ಡುಗಳಲ್ಲಿ ತೂತು ಹೊಡೆದರೆ, ಯಂತ್ರ ಓದಿ, ಕೂಡಿಸಿ, ಪಟ್ಟಿ ಅಚ್ಚು ಹಾಕುತ್ತಿತ್ತು. ಹೇಗೆ ಕೂಡಿಸಬೇಕೆಂದು ಅದಕ್ಕೆ ಹೇಳಿಕೊಡುತ್ತಿದ್ದುದು ಪಕ್ಕೆಗೆ ಸಿಕ್ಕಿಸುವ ಒಂದು ಹಲಗೆ. ಅದರ ನೂರಾರು ತೂತುಗಳಲ್ಲಿ ತಂತಿ ಚುಚ್ಚಿದಂತೆ ಯಂತ್ರದ ಬುದ್ಧಿ.

೧೯೬೭ರ ಬೇಸಿಗೆಯಲ್ಲಿ ಮದರಾಸಿನ ಕಂಪನಿಯಿಂದ ಎಂಜಿನಿಯರನೊಬ್ಬ ಹೊಸ ಹಲಗೆ ತಂದ. ಕೆಲಸ ಬೇಗ ಆಗುತ್ತದಂತೆ. ಹಳೆಯ ಹಲಗೆಯ ತಂತಿಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬತೊಡಗಿದ. ಒಂದು ವಾರವಾದರೂ ಹಳೆಯದು ಹಾಗೇ ಇರಲಿ ಎಂದು ಅವಳು ಅಂದರೆ, “ನೀ ಕಾರ್ಡು ಗುದ್ದೋ ವೇಲೆ ಪಾರಮ್ಮಾ” ಎಂದು ಅವಳ ಕೆಲಸಕ್ಕೆ ಅವಳನ್ನು ಅಟ್ಟಿ ಸಿಗರೇಟು ಹಚ್ಚಿದ.

ಅಂದೇ ಪಟ್ಟಿ ಕೆಟ್ಟಿತು. ಅರ್ಧ ಯಂತ್ರಗಳು ಕೆಟ್ಟು ನಿಂತಿದ್ದ, ಕೊನೆಯದಾದ ನಾಲ್ಕನೇ ಶೆಡ್ಡೇ ಎಲ್ಲಕ್ಕಿಂತ ಹೆಚ್ಚು ನೂತಿದೆ ಎಂದು ಅಚ್ಚಾಗಿತ್ತು. ಮ್ಯಾನೇಜರ್ ಅಯ್ಯನಾರ್ ಆ ಶೆಡ್ಡಿನ ಮೇಸ್ತ್ರಿಗೆ ಹಾರ ಹಾಕಿಸಿದ. ಮೇಸ್ತ್ರಿ ನಾಚದೆ ಹಾಕಿಸಿಕೊಂಡ. ಇಂಥವರ ಕೈಕೆಳಗೆ ದುಡಿಯಬೇಕಲ್ಲ ಎಂದು ದೈವಾನೈಗೆ ಮೈಯೆಲ್ಲ ಉರಿಯಿತು.

ತಪ್ಪು ಬಯಲಾದಾಗ ಎಂಜಿನಿಯರ್ ಕಾರ್ಡಿಗೆ ತೇವ ಹಿಡಿದಿದೆ ಎಂದ. ಎಲ್ಲವನ್ನೂ ಬಿಸಿಲಿಗೆ ಹರಡಿಸಿ, ತಾನು ಬತ್ತಲಗುಂಡಿನ ಬಸ್ಸು ಹಿಡಿದು ಕೊಡೈಕೆನಾಲಿಗೆ ಹೋದ. ಕಾರ್ಡುಗಳು ಹಪ್ಪಳದಂತೆ ಸೊಟ್ಟಗಾದವು.

“ದಿಂಡಿಗಲ್ಲಲ್ಲಿ ಈರವಾ ಮಾಮಾ?” ಗಿರಣಿಯ ಮೆಕ್ಯಾನಿಕ್, ಸೋದರಮಾವ ಗುರುಸಾಮಿಯನ್ನು ಅವಳು ಕೇಳಿದಳು. “ಕುಡಿಯಕ್ಕೇ ತಣ್ಣಿ ಇಲ್ಲ, ಕಾರ್ಡಿಗೆ ತೇವ ಎಲ್ಲಿಂದ ಬತ್ತು?”

“ಪೆರಿಯ ಪಡಿಪ್ಪು ಓದವ್ನೆ, ಸುಮ್ನಿರವ್ವಾ.”

“ಓದಿದ್ದೆಲ್ಲ ಟೈ ಕಟ್ಟಕ್ಕೇ ಆಯ್ತು.”

ಭಾನುವಾರ ಇಬ್ಬರೂ ಕೋಣೆ ತೆರೆದರು. ಅವಳು ಹೊಸದಾಗಿ ಮೂರೇ ಕಾರ್ಡು ಗುದ್ದಿದಳು: ಮೊದಲ ಶೆಡ್ಡಿಗೆ ಒಂದು ಮೂಟೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಯಂತ್ರ ಒಂದು, ಮೂರು, ಆರು ಎಂದು ಅಚ್ಚು ಹಾಕಿತು.

“ಪಾರು ಮಾಮಾ, ಇಲ್ನೋಡು. ಒಂದು ಶೆಡ್ಡು ಮುಗುದ್ರೆ ಸೊನ್ನೆಗೆ ಬರ್ಬೇಕು. ಇದು ಹಿಂದಿಂದೂ ಹೊತ್ಕಂಡು ಹೋಯ್ತದೆ.”

ಸೊನ್ನೆ ಮಾಡುವ ತಂತಿ ಯಾವುದೆಂದು ಹೇಳುವ ಕಾಗದವನ್ನು ಆ ಮಹಾಶಯ ಕೊಟ್ಟಿರಲಿಲ್ಲ. ಗುರುಸಾಮಿ ಒಂದೊಂದೇ ತಂತಿ ಕೀಳುವುದು, ಅವಳು ಮೂರು ಕಾರ್ಡು ಓಡಿಸುವುದು, ಮತ್ತೆ ಅದೇ ತೂತಿಗೆ ಚುಚ್ಚುವುದು. ಮಧ್ಯಾಹ್ನದ ಹೊತ್ತಿಗೆ ಒಂದು ತಂತಿ ಸಿಕ್ಕಿತು. ಅದನ್ನು ಕಿತ್ತರೂ ಪಟ್ಟಿ ಬದಲಾಗಲಿಲ್ಲ. ಅದು ಕೂತಿದ್ದುದೇ ಏನೂ ಕೆಲಸವಿಲ್ಲದ ತೂತಿನಲ್ಲಿ. ಪಕ್ಕದ ತೂತಿಗೆ ಸರಿಸಿದಳು. ಒಂದು, ಎರಡು, ಮೂರು. ಗುರುಸಾಮಿ ಬಾಯ್ತುಂಬ ನಕ್ಕ.

ಸೋಮವಾರ ಎಂಜಿನಿಯರ್ ಒಂದು ಬುಟ್ಟಿ ಕೊಡೈಕೆನಾಲಿನ ಪೇರ್ ಹಣ್ಣಿನೊಂದಿಗೆ ಬಂದು, ಪಟ್ಟಿ ನೋಡಿ, “ಒಣಗಿದ್ದೇ ಸರಿಹೋಯಿತು” ಎಂದ.

“ತಂತಿ ತಪ್ಪಿತ್ತು ಸಾರ್. ನಾನೇ ಬೇರೆ ತೂತಿಗೆ ಮಾತ್ತಿದ್ದು,” ಎಂದಳು ದೈವಾನೈ. ಅಯ್ಯನಾರ್ ಹಣ್ಣು ಕಚ್ಚುತ್ತ, ಸರಿ ಸರಿ ಎಂದು ಕೈಯಾಡಿಸಿದ.

ಸಂಜೆ ಎಂಜಿನಿಯರ್ ಬಾಗಿಲಲ್ಲಿ ಬಂದು ನಿಂತ. ಇದೇ ಹಲಗೆಯನ್ನು ಕೊಯಮತ್ತೂರಿನ ಗಿರಣಿಗೂ ಹಾಕಬೇಕಂತೆ. “ಯಾವ ತಂತಿಯಮ್ಮಾ?” ಎಂದು ಮೆಲ್ಲಗೆ ಕೇಳಿದ.

ಹೇಳದೆ ಕಳಿಸಿಬಿಡಬೇಕು ಅನ್ನಿಸಿತು. ಆದರೆ ಅಲ್ಲಿಯೂ ಯಾರೋ ಒಬ್ಬಳು ಕಾರ್ಡು ಗುದ್ದುತ್ತಿರುತ್ತಾಳೆ, ಬೈಗುಳವೆಲ್ಲ ಅವಳ ತಲೆಗೇ. ದೈವಾನೈ ಸಾಲು, ತೂತು ಎರಡನ್ನೂ ಹೇಳಿದಳು. ಅವನು ಸಿಗರೇಟು ಪೊಟ್ಟಣದ ಮೇಲೆ ಬರೆದುಕೊಂಡ. ಬಗ್ಗಿ ನೋಡಿದಳು. ತಪ್ಪಾಗಿಯೇ ಬರೆದಿದ್ದ.

“ಹೊಡೆದು ಹಾಕಿ ತಿರುಗ ಬರೀರಿ,” ಎಂದು, ಅವನು ಬರೆದು ಮುಗಿಸುವವರೆಗೂ ಎದುರಿಗೇ ನಿಂತಳು.