ಹಾಲುತುಪ್ಪ ಬಿಡದ ತಿಥಿ

ವರ್ಷಕ್ಕೆ ಎರಡು ಸಲ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬರುತ್ತಾರೆ. ಆ ದಿನ ಅಣ್ಣಮ್ಮನಿಗೆ ಬೆಳಿಗ್ಗೆಯಿಂದ ಕೂರಲು ಪುರುಸೊತ್ತಿರುವುದಿಲ್ಲ. ಸಿಂಧಘಟ್ಟದಿಂದ ಮೂರು ಮೈಲಿ ಒಳಗಿರುವ ಆ ಊರಿನ ಡೈರಿಯಲ್ಲಿ ಹಾಲು ಅಳೆಯುವವಳು ಅವಳು. ಯಾರ ಮನೆಯಲ್ಲಿ ಎಷ್ಟು ಹಸು, ಯಾವುದು ಗಬ್ಬ, ಯಾವುದು ಒದೆಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಲಸಿಕೆ ಹಾಕುವ ಧರ್ಮೇಂದ್ರನ ಜೊತೆ ಮನೆಮನೆಗೆ ಹೋಗಿ, ಹಸುವಿನ ಕಿವಿಗೆ ಚುಚ್ಚಿದ ಹಳದಿ ಓಲೆಯ ನಂಬರು ಓದಿ ಹೇಳಬೇಕು. ನಿನ್ನೆ ಮೊನ್ನೆ ಹುಟ್ಟಿದ ಕರುವನ್ನೂ ಪಟ್ಟಿಯಲ್ಲಿ ಬಿಡುವಂತಿಲ್ಲ. ಆ ಊರಿನಲ್ಲಿ ದನಗಳ ಲೆಕ್ಕ ಅಷ್ಟು ಕಟ್ಟುನಿಟ್ಟು.

ಹತ್ತು ಗಂಟೆಗೆ ಇಬ್ಬರೂ ಚಲುವಯ್ಯನ ಮನೆಗೆ ಬಂದರು. ಚಲುವಯ್ಯ ಡೈರಿಯ ಅಧ್ಯಕ್ಷ. ಊರಲ್ಲಿ ಯಾರ ಮನೆಯ ಜಗಳವಾದರೂ ನ್ಯಾಯ ಹೇಳಲು ಅವನನ್ನೇ ಕರೆಯುತ್ತಿದ್ದರು. ಅಣ್ಣಮ್ಮನಿಗೆ ಕೆಲಸ ಕೊಡಿಸಿದವನೂ ಅವನೇ. ಲಸಿಕೆಯ ದಿನ ಬೇರೆಯವರು ಕೊಟ್ಟಿಗೆಗೇ ಬನ್ನಿ ಎಂದರೆ, ಚಲುವಯ್ಯ ಮಾತ್ರ ಏಳೂ ಹಸುಗಳನ್ನು ಮುಂಚೆಯೇ ಅಂಗಳಕ್ಕೆ ತಂದು ಸಾಲಾಗಿ ಕಟ್ಟಿರುತ್ತಿದ್ದ. ಸಗಣಿ ಯಾಕೆ ತುಳಿಯುತ್ತೀರಿ ಎನ್ನುತ್ತಿದ್ದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡಿದ್ದಳು ಅಣ್ಣಮ್ಮ.

ಅವತ್ತು ಅವನು ಡೈರಿಯ ಮೀಟಿಂಗಿನಲ್ಲಿದ್ದ. ಅವನ ಹೆಂಡತಿ ದೊಡ್ಡತಾಯಮ್ಮ ಹಸು ಹಿಡಿದುಕೊಂಡು ನಿಂತಿದ್ದಳು. ಕಡೆಗೆ ಉಳಿದದ್ದು ಐದು ತಿಂಗಳ ಕರು. ಸೂಜಿ ಕಂಡದ್ದೇ ಅದು ಹಗ್ಗ ಕಿತ್ತುಕೊಂಡು ಕೊಟ್ಟಿಗೆಯ ಹಿಂದಕ್ಕೆ ಓಡಿತು. ದೊಡ್ಡತಾಯಮ್ಮ ಬೇಡ ಬೇಡ, ಅದೇ ಬರುತ್ತದೆ ಎನ್ನುವಷ್ಟರಲ್ಲಿ ಅಣ್ಣಮ್ಮ ಅದರ ಹಿಂದೆ ಹೋಗಿಬಿಟ್ಟಿದ್ದಳು.

ಕೊಟ್ಟಿಗೆಗೂ ಕಾಂಪೌಂಡಿಗೂ ನಡುವೆ ಒಬ್ಬರು ಹೋಗುವಷ್ಟು ಜಾಗ. ಅಲ್ಲಿ ಹಿಂದೆ ಬೂಸ ಹಿಂಡಿ ತುಂಬುತ್ತಿದ್ದ ಹಳೆಯ ಕೋಣೆಯಿತ್ತು. ಅದರ ಕಿಟಕಿಗೆ ಇಟ್ಟಿಗೆ ಕಟ್ಟಿ ಸಿಮೆಂಟು ಬಳಿದಿದ್ದರು. ಗೋಡೆಯ ಬುಡದಲ್ಲಿ ನೀರು ಹೋಗಲು ಬಿಟ್ಟ ಒಂದು ಕಂಡಿ. ಕರು ಅಲ್ಲಿ ಕತ್ತು ಬಗ್ಗಿಸಿಕೊಂಡು ದಿನಾ ಬರುವ ಜಾಗವೆಂಬಂತೆ ನಿಂತಿತ್ತು. ಕಂಡಿಯಿಂದ ಒಂದು ಕೈ ಹೊರಗೆ ಬಂದಿತ್ತು. ಆ ಕೈಯಲ್ಲಿ ಒಂದು ತುತ್ತು ರಾಗಿಮುದ್ದೆ. ಕರು ಅದನ್ನು ತಿಂದು ಅಂಗೈ ನೆಕ್ಕುತ್ತಿತ್ತು.

ಹೆಬ್ಬೆರಳ ಬುಡದಲ್ಲಿ ಕುಡುಗೋಲಿನ ಹಳೆಯ ಗಾಯದ ಗುರುತು. ಹುಲ್ಲು ಕೊಯ್ಯಲು ಹೋದಾಗ ಆದ ಗಾಯ ಅದು. ತನ್ನ ಸೆರಗು ಹರಿದು ಕಟ್ಟಿದವಳು ಅಣ್ಣಮ್ಮನೇ. ಅದು ಚಲುವಯ್ಯನ ಮಗಳು ಅನುವಿನ ಕೈ. ಅನು ಸತ್ತು ಒಂಬತ್ತು ವರ್ಷವಾಗಿತ್ತು.

ಸತ್ತಳೆಂದು ಹೇಳಿದವನು ಚಲುವಯ್ಯ. ಹಾಲಿನ ವ್ಯಾನಿಗೆ ಕ್ಯಾನು ತುಂಬುತ್ತಿದ್ದ, ಬೇರೆ ಕೇರಿಯ ಅಶೋಕನ ಜೊತೆ ಮಗಳು ಹೊರಟು, ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದದ್ದು ಊರಿಗೇ ಗೊತ್ತಿತ್ತು. ಹದಿನೈದು ದಿನ ಬಿಟ್ಟು ಚಲುವಯ್ಯ ತಲೆ ಬೋಳಿಸಿಕೊಂಡು ಬಂದ. ಬಾಬುರಾಯನಕೊಪ್ಪಲಿನ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ, ಜ್ವರ ಬಂದು ಹೋಗಿಬಿಟ್ಟಳು, ಹೊಳೆ ದಂಡೆಯಲ್ಲೇ ಸುಟ್ಟುಬಿಟ್ಟೆವು ಎಂದ. ಆ ಊರಿನಲ್ಲಿ ಯಾರೂ ಹೆಣ ಸುಡುವವರಲ್ಲ. ಸ್ವಂತ ಹೊಲದಲ್ಲಿ ಮಣ್ಣು ಮಾಡಿ, ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು, ಹನ್ನೊಂದನೇ ದಿನ ತಿಥಿ ಮಾಡುವವರು. ಅನುವಿಗೆ ಸಮಾಧಿಯೂ ಇರಲಿಲ್ಲ, ಹಾಲುತುಪ್ಪವೂ ಇರಲಿಲ್ಲ. ತಿಥಿ ಮಾತ್ರ ಜೋರಾಗಿ ನಡೆಯಿತು. ಎರಡು ಕುರಿ ಕಡಿದರು. ಅಪ್ಪನೇ ಏನೋ ಮಾಡಿದ್ದಾನೆ ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಅದನ್ನು ಬಾಯಿಬಿಟ್ಟು ಹೇಳದೆ, ಇಡೀ ಊರು ಸಾಲಾಗಿ ಕೂತು ಉಂಡು, ಕೈತೊಳೆದು, ಎಲೆಅಡಿಕೆ ಹಾಕಿಕೊಂಡು ಮನೆಗೆ ಹೋಯಿತು. ಅವತ್ತು ಮುದ್ದೆ ಕಟ್ಟಿದವಳು ಅಣ್ಣಮ್ಮ.

ಈಗ ಅವಳು ಆ ಕಂಡಿಯ ಮುಂದೆ ಕುಸಿದು ಕೂತು ಆ ಕೈ ಹಿಡಿದುಕೊಂಡಳು. ಒಳಗಿನ ಕೈ ಬೆದರಿ ಎಳೆದುಕೊಳ್ಳಲು ನೋಡಿತು.

"ಅನು, ನಾನು ಕಣವ್ವ. ಅಣ್ಣಮ್ಮ."

ಕೈ ಎಳೆಯುವುದು ನಿಂತಿತು. ಆಮೇಲೆ ಮಾತು ಮರೆತವರಂತೆ ತಡವರಿಸಿಕೊಂಡು ಒಂದು ಧ್ವನಿ ಬಂತು.

"ಅಣ್ಣಮ್ಮತ್ತೆ, ಇವತ್ತು ಯಾವ ವಾರ?"

ಗುರುವಾರ ಎಂದಳು ಅಣ್ಣಮ್ಮ. ಒಳಗಿನವಳು ಗುರುವಾರ, ಗುರುವಾರ ಎಂದು ಎರಡು ಸಲ ಹೇಳಿಕೊಂಡಳು. ಆಮೇಲೆ ಕೇಳಿದಳು, "ನನ್ನ ಕೇಳ್ಕಂಡು ಯಾರೂ ಬರ್ನಿಲ್ವಾ?"

ಅಣ್ಣಮ್ಮ ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಉಕ್ಕಿದ ಸಿಟ್ಟು ಮೊದಲು ಚಲುವಯ್ಯನ ಮೇಲೆ ಹೋಗಿ, ಅಲ್ಲಿ ನಿಲ್ಲದೆ ತಿರುಗಿ ಅವಳ ಮೇಲೆಯೇ ಬಂತು.

ಧರ್ಮೇಂದ್ರ ಬಂದು ನೋಡಿ ಬಿಳಿಚಿಕೊಂಡ. ನಮಗ್ಯಾಕೆ ಅಕ್ಕ, ಮೊದಲು ಇಲ್ಲಿಂದ ಹೋಗೋಣ, ಆಮೇಲೆ ಯಾರಿಗಾದರೂ ಹೇಳೋಣ ಎಂದ. ಎದ್ದು ಹೋದರೆ ಏನಾಗುತ್ತದೆಂದು ಅಣ್ಣಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಚಲುವಯ್ಯ ಸಂಜೆಯೊಳಗೆ ಕೋಣೆ ಖಾಲಿ ಮಾಡುತ್ತಾನೆ. ಒಂದು ಸಲ ತಿಥಿ ಮಾಡಿದವನಿಗೆ ಹೆಣ ಮಾಡುವುದು ಕಷ್ಟವಲ್ಲ. ಬಲಗೈಯಲ್ಲಿ ಆ ಕೈ ಹಿಡಿದುಕೊಂಡೇ ಎಡಗೈಯಲ್ಲಿ ಫೋನು ತೆಗೆದು ಪೊಲೀಸರ ನಂಬರು ಒತ್ತಿದಳು. ಊರ ಹೆಸರು, ಮನೆ, ಯಜಮಾನನ ಹೆಸರು ಎಲ್ಲವನ್ನೂ ಬಿಡಿಸಿ ಹೇಳಿದಳು.

ದೊಡ್ಡತಾಯಮ್ಮ ಕೊಟ್ಟಿಗೆಯ ಮೂಲೆಗೆ ಒರಗಿ ನಿಂತು ಅಳುತ್ತಿದ್ದಳು. ಹೆತ್ತವಳು ನೀನು, ಹೆಂಗೆ ನಿದ್ದೆ ಬರುತ್ತಿತ್ತು ನಿನಗೆ ಎಂದು ಅಣ್ಣಮ್ಮ ಉರಿದುಬಿದ್ದಳು.

"ಅವತ್ತು ಅವ್ರು ಮಚ್ಚು ಇಡ್ಕಂಡು ನಿಂತಿದ್ರು ಕಣಮ್ಮಿ" ಎಂದಳು ದೊಡ್ಡತಾಯಮ್ಮ. "ನಾನೇ ಕಾಲಿಗ್ ಬಿದ್ದು, ಕೊಲ್ಬ್ಯಾಡಿ, ಬೇಕಾದ್ರೆ ಕೂಡಾಕಿ ಅಂದೆ. ಎಲ್ಡು ದಿನ ಅಂದ್ಕಂಡಿದ್ದೆ. ತಿಥಿ ಆದ್ಮೇಲೆ ಎಂಗೆ ಈಚೆಗೆ ಬುಡದು? ಸತ್ತೋಳು ಅಂತ ಊರೇ ಉಂಡೋಗಿತ್ತು."

ಸುದ್ದಿ ಅಷ್ಟರಲ್ಲಿ ಡೈರಿ ಮುಟ್ಟಿತ್ತು. ಚಲುವಯ್ಯ ಬಂದ. ಅವನ ಹಿಂದೆ ಹತ್ತಿಪ್ಪತ್ತು ಜನ ಬಂದರು. ಅವನು ಕೂಗಾಡಲಿಲ್ಲ. ನ್ಯಾಯ ಹೇಳುವಾಗ ಮಾತಾಡುವ ಧ್ವನಿಯಲ್ಲೇ ಮಾತಾಡಿದ. ಇದು ಮನೆಯೊಳಗಿನ ವಿಷಯ, ಹುಡುಗಿಗೆ ತಲೆ ಸರಿಯಿಲ್ಲ, ಎದ್ದು ಹೋಗು ಎಂದ. ಅವಳು ಏಳಲಿಲ್ಲ. ನಾಳೆಯಿಂದ ಡೈರಿ ಬಾಗಿಲು ತುಳಿಯಬೇಡ ಎಂದ. ಅವಳು ಕೈ ಬಿಡಲಿಲ್ಲ. ಆಗ ಅವನ ಧ್ವನಿ ಒಡೆಯಿತು.

"ನಾನೇನು ಕೊಂದಿವ್ನಾ? ಬ್ಯಾರೆಯೋರಾಗಿದ್ರೆ ಕಡ್ದು ನಾಲೆಗೆ ಬುಡ್ತಿದ್ರು. ಒಂಬತ್ತು ವರ್ಷ ಹೊತ್ತೊತ್ತಿಗೆ ಊಟ ಆಕಿವ್ನಿ. ಒಂದಿನ ಹಸ್ಕಂಡು ಮಲಗ್ಸಿಲ್ಲ. ಮಾನ ಮರ್ವಾದೆಗೆ ಅಂಜೋ ಅಪ್ಪ ಇನ್ನೇನ್ ಮಾಡಾದು, ನೀನೇ ಯೋಳು."

ಸೇರಿದ್ದವರಲ್ಲಿ ಒಬ್ಬಿಬ್ಬರು ತಲೆಯಾಡಿಸಿದರು. ಅಣ್ಣಮ್ಮ ಅದನ್ನು ನೋಡಿದಳು.

"ಹಸುಗೂ ಮೇವು ಆಕ್ತೀಯ ಕಣಣ್ಣ" ಎಂದಳು. "ಅದನ್ನಾದ್ರೂ ದಿನಕ್ಕೊಂದ್ಸಲ ಹಗ್ಗ ಬಿಚ್ಚಿ ನೀರಿಗ್ ಬುಡ್ತೀಯ. ನಿನ್ ಮಗ್ಳು ತಾನು ಉಣ್ಣೋ ಮುದ್ದೇಲಿ ಕರುಗ್ ಕೊಟ್ಟು ಅದ್ರ ನಾಲ್ಗೆ ಮುಟ್ಟುಸ್ಕತಾವ್ಳೆ, ಯಾರಾದ್ರೂ ಒಬ್ರು ಮುಟ್ಲಿ ಅಂತ. ಇದೇನಾ ನಿನ್ ಮಾನ?"

ತಲೆಯಾಡಿಸಿದವರು ಮೆಲ್ಲಗೆ ಹಿಂದೆ ಸರಿದರು.

ಮುಕ್ಕಾಲು ಗಂಟೆಯಲ್ಲಿ ಪೊಲೀಸ್ ಜೀಪು ಬಂತು. ಬೀಗದ ಕೈ ಎಲ್ಲಿ ಎಂದರೆ ಕಳೆದುಹೋಗಿದೆ ಎಂದ ಚಲುವಯ್ಯ. ದೊಡ್ಡತಾಯಮ್ಮ ಗಂಡನ ಮುಖ ನೋಡಿದಳು. ಆಮೇಲೆ ಸೆರಗಿನೊಳಗೆ ಕೈಹಾಕಿ, ತಾಳಿಯ ಜೊತೆ ಪಿನ್ನಿಗೆ ಸಿಕ್ಕಿಸಿದ್ದ ಬೀಗದ ಕೈ ಬಿಚ್ಚಿ ಇನ್ಸ್‌ಪೆಕ್ಟರ ಕೈಗೆ ಕೊಟ್ಟಳು. ಒಂಬತ್ತು ವರ್ಷದಲ್ಲಿ ಆ ಹೆಂಗಸು ಗಂಡನ ಮಾತು ಮೀರಿದ್ದು ಅದೊಂದೇ ಸಲ.

ಕೋಣೆಯಲ್ಲಿ ಒಂದು ಚಾಪೆ, ಒಂದು ಬಕೇಟು, ಒಂದು ಸ್ಟೀಲು ತಟ್ಟೆ ಇದ್ದವು. ಅನು ಬಿಸಿಲಿಗೆ ಕಣ್ಣು ಬಿಡಲಾಗದೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಪ್ಪತ್ತಕ್ಕೆ ಒಳಗೆ ಹೋದವಳಿಗೆ ಇಪ್ಪತ್ತೊಂಬತ್ತಕ್ಕೆ ಅರ್ಧ ತಲೆ ನೆರೆತಿತ್ತು. ನಾಲ್ಕು ಹೆಜ್ಜೆ ನಡೆಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಕರು ಅವಳ ಹಿಂದೆಯೇ ಜೀಪಿನವರೆಗೂ ಬಂತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಚಲುವಯ್ಯನನ್ನು ಆಮೇಲೆ ಬಂದ ಇನ್ನೊಂದು ಗಾಡಿಯಲ್ಲಿ ಕೂರಿಸಿದರು.

ಮಧ್ಯಾಹ್ನ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಜಗಲಿಯ ಮೇಲೆ ಊರಿನವರು ತುಂಬಿದ್ದರು. ಒಬ್ಬೊಬ್ಬರೂ ಒಳಗೆ ಹೋಗಿ ಒಂದೇ ಮಾತು ಹೇಳಿ ಬರುತ್ತಿದ್ದರು. ನಮಗೇನೂ ಗೊತ್ತಿರಲಿಲ್ಲ ಸಾರ್, ನಮಗೂ ಇವತ್ತೇ ಗೊತ್ತಾದದ್ದು. ಅಣ್ಣಮ್ಮನ ಸರದಿ ಬಂತು. ಇನ್ಸ್‌ಪೆಕ್ಟರು ಅವಳಿಗೆ ಕುರ್ಚಿ ಕೊಟ್ಟು, ನೀವು ದೊಡ್ಡ ಕೆಲಸ ಮಾಡಿದಿರಿ ಎಂದರು. ವಿಷಯ ನಿಮಗೆ ಗೊತ್ತಾದದ್ದು ಇವತ್ತು ಬೆಳಿಗ್ಗೆ ತಾನೆ ಎಂದು ಪೆನ್ನು ಹಿಡಿದರು.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂಗೈಯಲ್ಲಿ ಆ ಹುಡುಗಿಯ ಕೈಯ ಬಿಸಿ ಇನ್ನೂ ಇತ್ತು. ಕೇಳಿಕೊಂಡು ಯಾರೂ ಬರಲಿಲ್ಲವೇ ಎಂದು ಕೇಳಿದ ಮಾತಿಗೆ ತಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

"ಇಲ್ಲ ಸಾಮಿ, ಅಂಗ್ ಬರೀಬ್ಯಾಡಿ" ಎಂದಳು. "ತಿಥಿ ಆಗಿ ತಿಂಗ್ಳಿಗೆ ಅಶೋಕ ಬಂದಿದ್ದ. ಅನು ಎಲ್ಲವ್ಳೆ ಅಂತ ಡೈರಿ ಬಾಗ್ಲಲ್ಲಿ ನಿಂತು ನನ್ನೇ ಕೇಳ್ದ. ಸತ್ತೋದ್ಲು ಕಣಪ್ಪ, ತಿಥಿ ಮುದ್ದೆ ನಾನೇ ಕಟ್ಟಿವ್ನಿ, ಇನ್ನು ಈ ಕಡೆ ಬರ್ಬ್ಯಾಡ ಅಂದೆ. ನಾನು ಯೋಳಿದ್ದಕ್ಕೇ ನಂಬ್ಕಂಡು ಹೋದ."

ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಜಗಲಿಯ ಮೇಲಿದ್ದವರು ಕಿಟಕಿಯ ಹತ್ತಿರ ಬಂದು ನಿಂತರು.

"ಸುಟ್ಟಿದ್ದು ನಾವ್ಯಾರೂ ನೋಡ್ನಿಲ್ಲ. ಹಾಲುತುಪ್ಪ ಬುಡಕ್ಕೆ ಯಾರ್ನೂ ಕರೀನಿಲ್ಲ. ಹೆಣ ಎಲ್ಲಿ ಅಂತ ನಾನು ಕೇಳ್ನಿಲ್ಲ ಸಾಮಿ. ಎಷ್ಟು ಜನಕ್ಕೆ ಮುದ್ದೆ ಕಟ್ಬೇಕು ಅಂತ ಮಾತ್ರ ಕೇಳ್ದೆ."

ಇದನ್ನೂ ಬರೆಯಬೇಕೇ ಎಂದರು ಇನ್ಸ್‌ಪೆಕ್ಟರು. ಬರೆಯಬೇಕು ಎಂದಳು ಅಣ್ಣಮ್ಮ. ಬರೆದು ಮುಗಿಯುವವರೆಗೂ ಕೂತಿದ್ದು, ಒಂದು ಸಲ ಓದಿಸಿ ಕೇಳಿ, ಕೆಳಗೆ ತನ್ನ ಹೆಸರು ಬರೆದಳು. ಅಶೋಕನ ಫೋನ್ ನಂಬರು ಯಾರ ಹತ್ತಿರ ಇದೆ ಎಂದು ಕೇಳಿಕೊಂಡು ಜಗಲಿಗೆ ಬಂದಳು.