ಹೆತ್ತವಳ ಆಣೆ

ಪುರಸಭೆ ಅಧ್ಯಕ್ಷ ಜುಂಜಣ್ಣನಿಗೆ ಸಾಕುಸಾಕಾಗಿ ಹೋಗಿತ್ತು. ವಿಚಾರಣೆ ವಿಚಾರಣೆ ಅಂತ ವರ್ಷವಿಡೀ ಚಿತ್ರದುರ್ಗಕ್ಕೆ ತಿರುಗಿ ತಿರುಗಿ ಚಪ್ಪಲಿ ಸವೆದಿದ್ದವು. ಕುರಿ ಕಾಯುವವರ ಮಗ ಅಧ್ಯಕ್ಷನಾದ ಅಂತ ಹೆಗಲ ಮೇಲೆ ಹೊತ್ತು ಕುಣಿದ ಊರೇ, ಎಪ್ಪತ್ತೈದರ ಬೇಸಿಗೆಯಲ್ಲಿ ಹೊಸ ನೀರಿನ ಪೈಪುಗಳು ಪಟಪಟ ಒಡೆದ ಮೇಲೆ ಕಳ್ಳ ಅಂತ ಕೂಗಿತ್ತು. ಕಳಪೆ ಪೈಪು ಹಾಕಿದ ಕಂಟ್ರಾಕ್ಟರ್ ಚಿತ್ರಲಿಂಗಪ್ಪ ಇವನ ಕೈ ಬೆಚ್ಚಗೆ ಮಾಡಿದ್ದಾನೆ ಅಂತ ದೂರು. ಮಾಡಿದ್ದೂ ನಿಜವೇ. ಜುಂಜಣ್ಣನ ಹೊಸ ತಾರಸಿ ಮನೆ ಎದ್ದದ್ದೇ ಆ ದುಡ್ಡಿನಲ್ಲಿ. ಆದರೆ ದುರ್ಗದ ಸಾಹೇಬರ ಮುಂದೆ ಇಲ್ಲ ಸ್ವಾಮಿ, ಗೊತ್ತಿಲ್ಲ ಸ್ವಾಮಿ ಅನ್ನಲು ಅವನಿಗೇನೂ ಕಷ್ಟವಾಗಲಿಲ್ಲ. ಸಾಕ್ಷಿ ಹೇಳಬೇಕಾದವರು ತಣ್ಣಗಾದರು. ಕೊನೆಗೆ ಆರೋಪ ಸಾಬೀತಾಗಿಲ್ಲ ಅಂತ ಆಯಿತು.

ಹಾರ ಹಾಕಲು ಯಾರೂ ಬರಲಿಲ್ಲ. ಅವನಿಗೂ ಬೇಕಿರಲಿಲ್ಲ, ಕಾಲು ಚಾಚಿ ನಿದ್ದೆ ಮಾಡಿದರೆ ಸಾಕಿತ್ತು. ಅಷ್ಟರಲ್ಲಿ ಹಟ್ಟಿಯಿಂದ ಕರೆ ಬಂತು. ಅವನ ಕುಲದವರೆಲ್ಲ ಇರುವುದು ಊರಾಚೆಯ ಆ ಹಟ್ಟಿಯಲ್ಲಿ. ತಾಯಿ ಓಬವ್ವನೂ ಕುರಿ ಬಿಟ್ಟು ಬರಲಾರೆನೆಂದು ಅಲ್ಲೇ ಉಳಿದಿದ್ದಳು. ದೇವರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, ಊರಿನ ದುಡ್ಡು ತಿಂದಿಲ್ಲ ಅಂತ ಆಣೆ ಮಾಡಲಿ, ಅಲ್ಲಿಗೆ ಮುಗಿಯಿತು ಅಂತ ಕುಲದ ಹಿರಿಯ ಮೂಡಲಗಿರಿಯಪ್ಪ ಹೇಳಿ ಕಳಿಸಿದ್ದ. ಸುಳ್ಳು ಆಣೆ ಮಾಡಿದವರು ವರ್ಷ ತುಂಬುವುದರೊಳಗೆ ಸಾಯುತ್ತಾರೆ ಅನ್ನುವುದು ಹಟ್ಟಿಯ ನಂಬಿಕೆ.

ಎಪ್ಪತ್ತಾರನೇ ಇಸವಿಯಲ್ಲಿ ಕರ್ಪೂರಕ್ಕೆ ಹೆದರುವುದೇ ಅಂತ ನಗುತ್ತಲೇ ಜುಂಜಣ್ಣ ಹೋದ. ಗುಡಿಯ ಮುಂದೆ ನಿಂತಾಗ ಮಾತ್ರ, ಅಯ್ಯೋ, ಕೈ ಮೇಲೇಳಲಿಲ್ಲ. ದಣಿದಿದ್ದೇನೆ, ಜ್ವರ ಬಂದ ಹಾಗಿದೆ, ನಾಳೆ ನೋಡೋಣ ಅಂತ ಏನೇನೋ ಒದರಿದ. ಜನ ಗುಸುಗುಸು ಶುರು ಮಾಡಿದರು.

ಆಗ ಓಬವ್ವ ಸೆರಗು ಬಿಗಿದು ಮುಂದೆ ಬಂದಳು. ಮಗನ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ನನ್ನ ಮಗ ಸೊರಗಿ ಹೋಗ್ಯಾನೆ. ಅವನ ಬದ್ಲು ನಾನು ಆರಿಸ್ತೀನಿ. ಹೆತ್ತೋಳು ಮಾಡಿದ್ರೂ ಆಣೆ ಆಣೇನೇ, ಅಲ್ಲೇನಪ್ಪ?"

ಮೂಡಲಗಿರಿಯಪ್ಪ ಹೂಂಗುಟ್ಟಿದ. ಕರ್ಪೂರದ ತಟ್ಟೆ ಅವಳತ್ತ ಬಂತು. ಜುಂಜಣ್ಣ ಲೆಕ್ಕ ಹಾಕಿದ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿದು ಹೋಗುತ್ತದೆ, ಮನೆಗೆ ಹೋಗಿ ಮಲಗಬಹುದು. ಒಂದು ಗಳಿಗೆ ಮುಚ್ಚಿಕೊಂಡೇ ಇದ್ದ ಕೂಡ, ಪಾಪಿ. ಅವ್ವನ ಸುಕ್ಕುಗಟ್ಟಿದ ಅಂಗೈ ಉರಿಯ ಹತ್ತಿರ ಹೋಯಿತು. ಅವನು ಮುನ್ನುಗ್ಗಿ ಅವಳ ಕೈ ಹಿಡಿದುಕೊಂಡ.

"ಬ್ಯಾಡವ್ವ. ನೀನು ಮುಟ್ಟಬ್ಯಾಡ."

ಜನಕ್ಕೆಲ್ಲ ಅರ್ಥವಾಯಿತು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಓಬವ್ವ ಮಗನ ಮುಖವನ್ನೇ ನೋಡಿದಳು.

"ನಾನು ಸಾಯ್ತೀನಂತ ನೀನು ಬಾಯಿ ಬಿಟ್ಟೆ. ನನ್ನ ಜಾಗದಾಗೆ ಬ್ಯಾರೆಯೋರು ಇದ್ದಿದ್ರೆ ಬಿಡ್ತಿರಲಿಲ್ಲ, ಅಲ್ಲೇನೋ?"

ಓಬವ್ವ ಅವನ ಹಿಡಿತದಿಂದ ಕೈ ಬಿಡಿಸಿಕೊಂಡು ಕುರಿ ರೊಪ್ಪದ ಕಡೆ ನಡೆದಳು.